ಮನೆ ಖಾಲಿ ಇದೆ, ನಿಮ್ಮೂರು ಯಾವುದು?

ನಮ್ಮ ಮೇಲಿನ ಒನ್ ಬಿಎಚ್‌ಕೆ ಖಾಲಿಯಾಗಿ ಎರಡು ತಿಂಗಳಾಗಿತ್ತು. ಟಿ. ದಾಸರಹಳ್ಳಿಯಲ್ಲಿ ಮನೆ ಅಷ್ಟು ದಿನ ಖಾಲಿ ಉಳಿಯೋದು ಕಮ್ಮಿ. ಪಕ್ಕದಲ್ಲೇ ಪೀಣ್ಯ, ನಡೆದು ಹೋದರೆ ಮೆಟ್ರೋ. ಟು-ಲೆಟ್ ಬೋರ್ಡ್ ನೋಡಿ ಜನ ಬರ್ತಾನೇ ಇದ್ದರು. ಅಮ್ಮನೇ ಒಪ್ಪುತ್ತಿರಲಿಲ್ಲ.

ಒಂದು ಭಾನುವಾರ ಗಂಡ, ಹೆಂಡತಿ, ಕಂಕುಳಲ್ಲಿ ಮಗು ಬಂದರು. ಅವನಿಗೆ ಪೀಣ್ಯದ ಪೌಡರ್ ಕೋಟಿಂಗ್ ಶೆಡ್ಡಿನಲ್ಲಿ ಕೆಲಸ. ಅಡ್ವಾನ್ಸಿಗೆ ಚೌಕಾಸಿ ಮಾಡಲಿಲ್ಲ. ಅಮ್ಮ "ನಿಮ್ಮೂರು ಯಾವುದು?" ಅಂದರು. ಅಸ್ಸಾಂನ ಬರ್ಪೇಟಾ. ಹೆಸರು ಕೇಳಿದರು. ಮುಸ್ಲಿಂ ಹೆಸರು. "ನಮ್ಮನೆಯವರನ್ನ ಕೇಳಿ ಹೇಳ್ತೀನಿ" ಅಂತ ಕಳಿಸಿದರು. ಮನೆ ಇರೋದು ಅಮ್ಮನ ಹೆಸರಲ್ಲೇ, ಅಪ್ಪನನ್ನು ಕೇಳಿ ಅಮ್ಮ ಯಾವತ್ತೂ ಏನೂ ಮಾಡಿದವರಲ್ಲ.

ಅವರು ಗೇಟು ದಾಟಿದ್ದೇ ತಡ, ಎದುರುಮನೆ ಆಂಟಿ ಬಂದರು. "ಬಾಂಗ್ಲಾದವರಿರಬೇಕು ಕಣ್ರೀ. ಆಮೇಲೆ ಸ್ಟೇಷನ್ ಅಲೆಯೋರು ನೀವೇ."

ಈ ಹೆದರಿಕೆಯನ್ನು ನಾನು ನಗಾಡಲಾರೆ. ದಾಖಲೆ ಇಲ್ಲದೆ ಗಡಿ ದಾಟಿ ಬಂದವರೂ ಈ ಊರಲ್ಲಿ ಇದ್ದಾರೆ, ಅಂಥವರು ಸಿಕ್ಕಿಬಿದ್ದಾಗ ಓನರ್‌ಗೂ ಪ್ರಶ್ನೆ ಬರುತ್ತದೆ. ಆದರೆ ಅವರು ಯಾರು ಅಂತ ತೀರ್ಮಾನಿಸುವ ಕೆಲಸ ಎದುರುಮನೆ ಕಾಂಪೌಂಡಿನದ್ದಲ್ಲ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ಹಾಗೇ ಆಗಿತ್ತು. ಇಲ್ಲಿರೋರು ಬಾಂಗ್ಲಾದವರು ಅಂತ ಒಂದು ವಿಡಿಯೋ ಓಡಾಡಿತು, ಶೆಡ್ಡುಗಳ ಮೇಲೆ ಜೆಸಿಬಿ ಹರಿಯಿತು. ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರಿದ್ದರು, ನಮ್ಮ ಉತ್ತರ ಕರ್ನಾಟಕದಿಂದ ಕೂಲಿಗೆ ಬಂದವರೂ ಇದ್ದರು. ಆಧಾರ್, ವೋಟರ್ ಐಡಿ ತೋರಿಸುತ್ತಾ ಮುರಿದ ತಗಡಿನ ಪಕ್ಕ ನಿಂತಿದ್ದರು. ಆಮೇಲೆ ಹೈಕೋರ್ಟ್ ತೆರವಿಗೆ ತಡೆ ಕೊಟ್ಟಿತು, ಅವರಿಗೆ ಪುನರ್ವಸತಿ ಕೊಡಿ ಅಂತ ಸರ್ಕಾರಕ್ಕೆ ಹೇಳಿತು. ಅಷ್ಟು ಹೊತ್ತಿಗೆ ಪಾತ್ರೆ ಪಗಡೆ ಬೀದಿಗೆ ಬಿದ್ದಾಗಿತ್ತು.

ಆ ಹುಡುಗ ಸಂಜೆ ಒಬ್ಬನೇ ಮತ್ತೆ ಬಂದ. ಯಾರೂ ಕೇಳದಿದ್ದರೂ ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದ. ಎನ್‌ಆರ್‌ಸಿ ಪಟ್ಟಿಯಲ್ಲಿ ಅವನ ಹೆಸರು, ಅವನಪ್ಪನ ಹೆಸರು. 2019ರ ಆಗಸ್ಟ್ 31ರಂದು ಅಸ್ಸಾಂನಲ್ಲಿ ಬಂದ ಅಂತಿಮ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದಿದ್ದರು. ಇವನು ಒಳಗಿದ್ದ. ಅದನ್ನು ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರ ಹೊತ್ತುಕೊಂಡು ಬಂದು, ಬಾಡಿಗೆಗೆ ಮನೆ ಕೇಳಲು ನಮ್ಮ ಗೇಟಿನ ಮುಂದೆ ತೋರಿಸುತ್ತಿದ್ದ. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ನಮ್ಮಮ್ಮನ ಹತ್ತಿರ ಜನನ ಪತ್ರವೇ ಇಲ್ಲ. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಜೂನ್ 1 ಅಂತ ಬರೆದುಕೊಂಡಿದ್ದೇ ಇವತ್ತಿಗೂ ಅವರ ಹುಟ್ಟಿದಹಬ್ಬ.

ರಾತ್ರಿ ಊಟಕ್ಕೆ ಕೂತಾಗ ನಾನು ಸಂವಿಧಾನ ತೆಗೆದೆ. 19ನೇ ವಿಧಿ ಪ್ರಕಾರ ದೇಶದ ಯಾವ ಭಾಗದಲ್ಲಾದರೂ ವಾಸಿಸುವುದು, ನೆಲೆಸುವುದು ನಾಗರಿಕನ ಹಕ್ಕು ಅಂದೆ. "ಅವರು ಎಲ್ಲಾದರೂ ಇರಲಿ, ನಮ್ಮ ಮನೇಲೇ ಯಾಕಿರಬೇಕು?" ಅಂದರು ಅಮ್ಮ. ನಿಜ ಹೇಳಬೇಕಂದ್ರೆ ಅಮ್ಮನ ಪಾಯಿಂಟ್ ಗಟ್ಟಿಯಾಗೇ ಇತ್ತು. ಧರ್ಮ, ಜಾತಿ ನೋಡಿ ಅಂಗಡಿಗೋ ಹೋಟೆಲಿಗೋ ಬರಬೇಡ ಅನ್ನುವ ಹಾಗಿಲ್ಲ ಅಂತ 15ನೇ ವಿಧಿ ಹೇಳುತ್ತದೆ. ಆ ಪಟ್ಟಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಲ್ಲ ಇವೆ. ಬಾಡಿಗೆ ಮನೆ ಇಲ್ಲ. ಪಾರ್ಸಿಗಳ ಹೌಸಿಂಗ್ ಸೊಸೈಟಿಯೊಂದು ಸದಸ್ಯತ್ವವನ್ನು ತನ್ನವರಿಗಷ್ಟೇ ಇಟ್ಟುಕೊಂಡದ್ದು ಸರಿ ಅಂತ 2005ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅಂದರೆ ದೇಶದಲ್ಲೆಲ್ಲಾದರೂ ನೆಲೆಸುವ ಹಕ್ಕನ್ನು ಸಂವಿಧಾನ ಕೊಟ್ಟಿದೆ, ಆದರೆ ಮನೆ ಬೀಗದ ಕೈ ಇರೋದು ಅಮ್ಮನ ಸೊಂಟದಲ್ಲಿ. ನೀವು ವೆಜ್ಜಾ ನಾನ್‌ವೆಜ್ಜಾ, ಬ್ಯಾಚುಲರಾ, ಯಾವ ಜನ ಅಂತ ಬ್ರೋಕರ್ ಕೈಲಿ ಕೇಳಿಸಿಕೊಂಡಿದ್ದರೆ ಆ ಕೈ ಎಷ್ಟು ಭಾರ ಅಂತ ನಿಮಗೂ ಗೊತ್ತು.

ಅಲ್ಲಿವರೆಗೂ ಸುಮ್ಮನೆ ಉಣ್ಣುತ್ತಿದ್ದ ಅಪ್ಪ ಬಾಯಿ ಬಿಟ್ಟರು. 1986ರಲ್ಲಿ ತುರುವೇಕೆರೆ ಕಡೆಯಿಂದ ಲೇತ್ ಕೆಲಸಕ್ಕೆ ಬಂದಾಗ ಇದೇ ಎಂಟನೇ ಮೈಲಿ ಸುತ್ತ ರೂಮು ಹುಡುಕಿದ್ದರಂತೆ. "ಮೂರು ಕಡೆ ಯಾವ ಜನ ಅಂತ ಕೇಳಿದ್ರು. ನಿಜ ಹೇಳಿದೆ. ಮೂರು ಕಡೆನೂ ಮನೆಯವರನ್ನ ಕೇಳಿ ಹೇಳ್ತೀವಿ ಅಂದ್ರು." ಕೊನೆಗೆ ವರ್ಕ್‌ಶಾಪ್ ಹಿಂದಿನ ಗೋಡೌನಿನಲ್ಲಿ ಎಂಟು ತಿಂಗಳು ಮಲಗಿದ್ದರಂತೆ. ಇಷ್ಟು ವರ್ಷದಲ್ಲಿ ನನಗೆ ಇದನ್ನು ಹೇಳಿರಲಿಲ್ಲ. ಅಮ್ಮನಿಗೆ ಗೊತ್ತಿತ್ತು ಅಂತ ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಹೊರಗಿನವರು ಅನ್ನಿಸಿಕೊಳ್ಳುವ ಸರದಿ ನಮಗೂ ಬಂದಿದೆ. 1966ರಲ್ಲಿ ಶಿವಸೇನೆ ಹುಟ್ಟಿದ ಹೊಸದರಲ್ಲಿ ಮುಂಬೈಯ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದಿತ್ತು. 2012ರ ಆಗಸ್ಟಿನಲ್ಲಿ ಹೆದರಿಸುವ ಸರದಿ ನಮ್ಮ ಊರಿನದಾಯಿತು. ಹಲ್ಲೆ ನಡೆಯುತ್ತದೆ ಎಂಬ ಸುದ್ದಿಗೆ ಈಶಾನ್ಯದ ಸಾವಿರಾರು ಜನ ಗುವಾಹಟಿ ರೈಲು ಹತ್ತಿದರು. ವದಂತಿ ತಡೆಯಲು ಕೇಂದ್ರ ಸರ್ಕಾರ ದಿನಕ್ಕೆ ಐದೇ ಎಸ್ಸೆಮ್ಮೆಸ್ ಅಂತ ಮಿತಿ ಹಾಕಿತ್ತು. ಈಗಿನ ವಾಟ್ಸ್ಯಾಪಿಗೆ ಅಂಥ ಮಿತಿ ಹಾಕೋರು ಯಾರು?

ಅಮ್ಮ ಮರುದಿನ ಬೆಳಿಗ್ಗೆ ನನ್ನನ್ನು ಕರೆದು, "ಆ ಹುಡುಗನಿಗೆ ಫೋನ್ ಮಾಡು. ಅಗ್ರಿಮೆಂಟ್ ಆಗಲಿ, ಸ್ಟೇಷನ್ನಿಗೂ ಪೇಪರ್ ಕೊಡೋಣ" ಅಂದರು. ಕೊಟ್ಟೆವು. ಎಲ್ಲ ಬಾಡಿಗೆದಾರರದ್ದೂ ಹಾಗೇ ಕೊಡಬೇಕಿತ್ತು, ಹಿಂದಿನ ನಾಲ್ಕು ಸಂಸಾರದ್ದು ಕೊಟ್ಟಿರಲಿಲ್ಲ ಅನ್ನೋದು ಆವಾಗಲೇ ಹೊಳೆದದ್ದು. ಎದುರುಮನೆ ಆಂಟಿ ಎರಡು ವಾರ ಮಾತು ಬಿಟ್ಟಿದ್ದರು.

ಈಗ ಐದು ತಿಂಗಳಾಯಿತು. ಆ ಹುಡುಗಿ "ಅಕ್ಕಾ, ನೀರು ಬಂತು" ಅನ್ನೋವಷ್ಟು ಕನ್ನಡ ಕಲಿತಿದ್ದಾಳೆ. ಅವರ ಮೇಲೆ ಅಮ್ಮನದು ಒಂದೇ ದೂರು: ಸಂಪಿನ ಮೋಟಾರ್ ಆಫ್ ಮಾಡೋದು ಮರೀತಾರೆ. ಹಿಂದೆ ಇದ್ದ ಹಾಸನದವರ ಮೇಲೂ ಇದೇ ದೂರಿತ್ತು.