ಕೆಲಸ ಹೋಗುವ ಸುದ್ದಿ: ಮೊದಲೇ ತಿಳಿಸಬೇಕೇ?

ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಿಂದ ನಡೆಸುತ್ತಿದ್ದ ಕೋಲಾರದ ಚಿನ್ನದ ಗಣಿಗಳನ್ನು (ಕೆಜಿಎಫ್) 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ ವಹಿಸಿಕೊಂಡವು. 1972ರಲ್ಲಿ ಅವು ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಪಾಲಾದವು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿ, ಮೂರು ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು. ಒಡೆತನ ಕೈಬದಲಾದ ಉದ್ದಿಮೆಯಲ್ಲಿ ಉದ್ಯೋಗ ಕಡಿತದ ಸಾಧ್ಯತೆಯನ್ನು ಆಡಳಿತ ಮೊದಲೇ ಹೇಳಬೇಕೇ, ತೀರ್ಮಾನ ಖಚಿತವಾದ ಮೇಲಷ್ಟೇ ಹೇಳಬೇಕೇ ಎಂಬ ಚರ್ಚೆಗೆ ಕೆಜಿಎಫ್‌ನಷ್ಟು ಹೊಂದುವ ಊರು ಕರ್ನಾಟಕದಲ್ಲಿ ಬೇರೆ ಸಿಗುವುದು ಕಷ್ಟ.

ಪರ

ಗಣಿ ಕಾರ್ಮಿಕನಿಗೆ ಕಂಪನಿಯಿಂದ ಬರುತ್ತಿದ್ದುದು ಸಂಬಳವೊಂದೇ ಅಲ್ಲ. ವಾಸದ ಮನೆ, ಆಸ್ಪತ್ರೆ, ನೀರು ಎಲ್ಲವೂ ಕಂಪನಿಯವೇ. ಹಾಗಾಗಿ ಕೆಲಸ ಹೋದರೆ ಬದುಕಿನ ಏರ್ಪಾಡೇ ಕಳಚುತ್ತದೆ. ನೆಲದಾಳದಲ್ಲಿ ಬಂಡೆ ಕೊರೆಯುವ ಕೌಶಲಕ್ಕೆ ಸುತ್ತಮುತ್ತ ಬೇರೆಲ್ಲೂ ಬೇಡಿಕೆಯಿಲ್ಲ. ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಬಂಗಾರಪೇಟೆ ಮೂಲಕ ಬೆಂಗಳೂರಿಗೆ ಹೋಗಿ ದುಡಿಯಬೇಕೆಂದರೂ ಹೊಸ ಕೆಲಸ ಕಲಿಯಲು ಕಾಲಾವಕಾಶ ಬೇಕು. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯೂ ಇದನ್ನು ಒಪ್ಪಿತ್ತು: ದೊಡ್ಡ ಉದ್ದಿಮೆ ಮುಚ್ಚುವವರು 90 ದಿನ ಮೊದಲೇ ಸರ್ಕಾರದ ಅನುಮತಿ ಕೋರಿ, ಅರ್ಜಿಯ ಪ್ರತಿಯನ್ನು ಕಾರ್ಮಿಕ ಪ್ರತಿನಿಧಿಗಳಿಗೂ ಕೊಡಬೇಕಿತ್ತು. 2022ರಲ್ಲಿ ಟ್ವಿಟರ್ ಕಂಪನಿ ಎಲಾನ್ ಮಸ್ಕ್ ಕೈಸೇರಿದ ಸುಮಾರು ಒಂದು ವಾರದಲ್ಲೇ ಸಾವಿರಾರು ನೌಕರರಿಗೆ ಇಮೇಲ್ ಮೂಲಕ ಕೆಲಸ ಹೋದ ಸುದ್ದಿ ಬಂತು. ಇಂಥ ಕ್ರಮ ಮನುಷ್ಯರನ್ನು ಕಡತದ ಸಾಲಿಗಿಳಿಸುತ್ತದೆ.

ವಿರೋಧ

ಸುದ್ದಿ ಹಬ್ಬಿದರೆ ಬೇರೆಡೆ ಕೆಲಸ ಸಿಗಬಲ್ಲ ನುರಿತವರು ಮೊದಲು ಹೊರಡುತ್ತಾರೆ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳದ್ದಾಗಿತ್ತು. ಅಲ್ಲಿ ಪಂಪು, ಗಾಳಿ, ಲಿಫ್ಟು ನೋಡಿಕೊಳ್ಳುವವರು ಕಡಿಮೆಯಾದರೆ ಉಳಿದವರ ಜೀವಕ್ಕೇ ಅಪಾಯ. ಮುನ್ಸೂಚನೆಯನ್ನು ವಿರೋಧಿಸುವವರ ಗಟ್ಟಿ ವಾದವಿದು; ಕಚೇರಿ ಉದ್ಯೋಗಕ್ಕೆ ಇದು ಅಷ್ಟಾಗಿ ಅನ್ವಯಿಸದು.

ಅರ್ಧ ಸುದ್ದಿಯೂ ಹಾನಿಕರ ಎಂಬುದು ಇನ್ನೊಂದು ವಾದ. ನಷ್ಟದಲ್ಲಿದ್ದ ಗಣಿ ಕಂಪನಿಯ ಪ್ರಕರಣ 1992ರಲ್ಲೇ ರೋಗಗ್ರಸ್ತ ಉದ್ದಿಮೆಗಳ ಪುನಶ್ಚೇತನ ಮಂಡಳಿ ಬಿಐಎಫ್‌ಆರ್ ಮುಂದೆ ಹೋಗಿತ್ತು. ಮುಚ್ಚಬೇಕೆಂಬ ಶಿಫಾರಸು ಬಂದದ್ದು 2000ದಲ್ಲಿ. ಇಷ್ಟು ದೀರ್ಘ ಅನಿಶ್ಚಿತತೆಯಲ್ಲಿ ಮಗಳ ಮದುವೆ, ಮಗನ ಓದು, ಸಾಲ ಯಾವುದನ್ನೂ ಧೈರ್ಯವಾಗಿ ನಿರ್ಧರಿಸಲಾಗದು. ಆದರೆ ಈ ವಾದದ ಗುರಿ ವಿವರವಿಲ್ಲದ ಸೂಚನೆಯೇ ಹೊರತು ಮುನ್ಸೂಚನೆಯಲ್ಲ. ಕೊನೆಯ ಕೆಲಸದ ದಿನ, ಪರಿಹಾರದ ಮೊತ್ತ, ಕ್ವಾರ್ಟರ್ಸ್ ಬಿಡಬೇಕಾದ ಗಡುವು ಇವಿಷ್ಟನ್ನೂ, ಬಹುಪಾಲು ಕಾರ್ಮಿಕರ ಮನೆಮಾತು ತಮಿಳಾದ ಊರಿನಲ್ಲಿ ತಮಿಳಿನಲ್ಲೂ, ಅಧಿಕಾರಿಯೊಬ್ಬರು ಎದುರು ನಿಂತು ಹೇಳಿದರೆ ಈ ಆಕ್ಷೇಪಕ್ಕೆ ಹೆಚ್ಚು ಬಲ ಉಳಿಯದು.