ಚಮಚೆಯ ಔಷಧಿಯೋ, ತಟ್ಟೆಯ ಅನ್ನವೋ?

ಎರಡು ಮಿಲಿಲೀಟರಿನಷ್ಟು ಹಳದಿ ದ್ರವ. ಪುಟ್ಟ ಚಮಚೆಯೊಂದನ್ನೂ ಅದು ತುಂಬಲಾರದು. ಆದರೆ ಅದರಲ್ಲಿ ಎರಡು ಲಕ್ಷ ಅಂತರರಾಷ್ಟ್ರೀಯ ಮಾನದಷ್ಟು ‘ಎ’ ಅನ್ನಾಂಗ ಅಡಕವಾಗಿದೆ. ಆರು ತಿಂಗಳಿಗೊಮ್ಮೆ ಇದನ್ನು ಮಗುವಿನ ಬಾಯಿಗೆ ಹಾಕಿದರೆ ಅದರ ಯಕೃತ್ತು ಈ ಸತ್ವವನ್ನು ಸಂಗ್ರಹಿಸಿಟ್ಟುಕೊಂಡು, ಮುಂದಿನ ತಿಂಗಳುಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ದೇಹಕ್ಕೆ ಒದಗಿಸುತ್ತದೆ. ಈ ಸರಳ ತತ್ತ್ವದ ಆಧಾರದ ಮೇಲೆ ಭಾರತ ಸರ್ಕಾರವು 1970ರಲ್ಲಿ ಮಕ್ಕಳ ಕುರುಡುತನವನ್ನು ತಡೆಗಟ್ಟುವ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಆ ಕಾರ್ಯಕ್ರಮಕ್ಕೆ ಬುನಾದಿಯಾದ ಪ್ರಯೋಗಗಳು ನಡೆದದ್ದು ನಾವು ಅನ್ನ ಅರಸಿ ಬಂದು ನೆಲೆಸಿರುವ ಇದೇ ಹೈದರಾಬಾದಿನ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು?

ತಾರ್ನಾಕದ ರಸ್ತೆಯಲ್ಲಿ ದಿನವೂ ಓಡಾಡುವ ಕನ್ನಡಿಗರಿಗೆ ರಾಷ್ಟ್ರೀಯ ಪೋಷಣ ಸಂಸ್ಥೆಯ ಫಲಕ ಪರಿಚಿತವೇ. ಸರ್ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಬೆರಿಬೆರಿ ರೋಗದ ಅಧ್ಯಯನಕ್ಕಾಗಿ ಒಂದು ಪುಟ್ಟ ಘಟಕವನ್ನು ತೆರೆದರು. ಅದೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, 1969ರಲ್ಲಿ ಇಂದಿನ ಹೆಸರನ್ನು ಪಡೆಯಿತು. ಅದರ ನಿರ್ದೇಶಕರಾಗಿದ್ದ ಡಾ. ಸಿ. ಗೋಪಾಲನ್ ಅವರು ಭಾರತದ ಪೋಷಣ ವಿಜ್ಞಾನದ ಪಿತಾಮಹರೆಂದೇ ಹೆಸರಾದವರು. 2019ರಲ್ಲಿ, ನೂರು ವರ್ಷಗಳನ್ನು ಪೂರೈಸಿ ತೀರಿಕೊಂಡರು. ಯಾವ ಸಂಸ್ಥೆಯಿಂದ ಈ ಎರಡು ಲಕ್ಷ ಮಾನದ ಔಷಧಿಯ ವಿಧಾನ ಹೊರಬಿತ್ತೋ ಅದನ್ನು ನಡೆಸಿದವರೇ ಮುಂದೆ, ದೇಶದ ಎಲ್ಲ ಮಕ್ಕಳಿಗೂ ಕಣ್ಣುಮುಚ್ಚಿ ಅದನ್ನು ಕುಡಿಸುತ್ತ ಹೋಗುವುದನ್ನು ಬಲವಾಗಿ ವಿರೋಧಿಸಿದರು. ಅವರು ಹಾಗೇಕೆ ಮಾಡಿದರೆಂಬುದು ತಜ್ಞರ ಒಣ ಚರ್ಚೆಯಲ್ಲ. ಬಡ ಮಗುವಿಗಾಗಿ ಖರ್ಚಾಗುವ ಹಣ ಯಾವ ದಾರಿಯಲ್ಲಿ ಹೋಗಬೇಕೆಂಬ ಪ್ರಶ್ನೆ ಅದರಲ್ಲಿದೆ.

‘ಎ’ ಅನ್ನಾಂಗದ ಕೊರತೆಯ ಮೊದಲ ಗುರುತು ಇರುಳುಗಣ್ಣು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಗು ಗೋಡೆ ಹಿಡಿದು ನಡೆಯುತ್ತದೆ, ಎದುರಿಗಿರುವ ತಟ್ಟೆಯನ್ನು ತಡವರಿಸುತ್ತದೆ. ಆಮೇಲೆ ಕಣ್ಣಿನ ಬಿಳಿಯ ಭಾಗ ಒಣಗಿ, ನೊರೆಯಂತಹ ಮಚ್ಚೆ ಕಾಣಿಸಿಕೊಳ್ಳುತ್ತದೆ. ಇಷ್ಟರಲ್ಲಿ ದಡಾರವೋ ಭೇದಿಯೋ ತಗಲಿತೆಂದರೆ ಕೆಲವೇ ದಿನಗಳಲ್ಲಿ ಕರಿಗುಡ್ಡೆ ಕರಗಿ ದೃಷ್ಟಿ ಶಾಶ್ವತವಾಗಿ ಹೋಗಬಹುದು. ಇಂತಹ ಮಗುವಿಗೆ ಆ ಹಳದಿ ದ್ರವ ಅಮೃತವೇ ಸರಿ. ಈ ಮಾತಿನಲ್ಲಿ ಗೋಪಾಲನ್ ಅವರಿಗಾಗಲಿ, ಮತ್ತಾರಿಗಾಗಲಿ ಭಿನ್ನಾಭಿಪ್ರಾಯವಿಲ್ಲ.

ಭಿನ್ನಾಭಿಪ್ರಾಯ ಹುಟ್ಟಿದ್ದು ಇಂಡೋನೇಷ್ಯಾದಿಂದ ಬಂದ ಸುದ್ದಿಯೊಂದಿಗೆ. ಆಲ್ಫ್ರೆಡ್ ಸೊಮ್ಮರ್ ಎಂಬ ಅಮೆರಿಕದ ನೇತ್ರವೈದ್ಯರು, ಕಣ್ಣಿನಲ್ಲಿ ಅಲ್ಪಸ್ವಲ್ಪ ಚಿಹ್ನೆಗಳಿರುವ ಮಕ್ಕಳು ಉಳಿದವರಿಗಿಂತ ಹೆಚ್ಚಾಗಿ ಸಾಯುತ್ತಿದ್ದುದನ್ನು ಗಮನಿಸಿ, ಸುಮಾತ್ರಾದ ಆಚೆ ಪ್ರಾಂತದ 450 ಹಳ್ಳಿಗಳಲ್ಲಿ ಪ್ರಯೋಗ ನಡೆಸಿದರು. 1986ರಲ್ಲಿ ಪ್ರಕಟವಾದ ಅದರ ಫಲಿತಾಂಶ ಲೋಕವನ್ನೇ ಬೆರಗುಗೊಳಿಸಿತು: ಔಷಧಿ ಪಡೆದ ಹಳ್ಳಿಗಳಲ್ಲಿ ಶಿಶುಮರಣ ಶೇಕಡಾ 34ರಷ್ಟು ಕಡಿಮೆ! ಕುರುಡುತನದ ಔಷಧಿ ಒಮ್ಮೆಲೇ ಸಾವಿನ ಔಷಧಿಯಾಯಿತು.

ಬಳಿಕ 1990ರಲ್ಲಿ ನಮ್ಮ ದಕ್ಷಿಣ ಭಾರತದಿಂದಲೇ ಎರಡು ವರದಿಗಳು ಬಂದವು. ಅವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು. ಮಧುರೈಯ ಸಂಶೋಧಕರು ತಮಿಳುನಾಡಿನ ಹಳ್ಳಿಗಳಲ್ಲಿ ವಾರಕ್ಕೊಮ್ಮೆ ಅಲ್ಪ ಪ್ರಮಾಣದ ‘ಎ’ ಅನ್ನಾಂಗವನ್ನು ಕೊಟ್ಟು, ಸಾವು ಅರ್ಧಕ್ಕಿಂತ ಹೆಚ್ಚು ಇಳಿದುದನ್ನು ಕಂಡರು. ಹೈದರಾಬಾದಿನ ಪೋಷಣ ಸಂಸ್ಥೆಯವರು ಇಲ್ಲಿಯ ಹಳ್ಳಿಗಳ 15 ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಆರು ತಿಂಗಳಿಗೊಮ್ಮೆ ದೊಡ್ಡ ಪ್ರಮಾಣವನ್ನು ಕೊಟ್ಟು ನೋಡಿದರು. ಔಷಧಿ ಪಡೆದವರಲ್ಲೂ, ಬರಿಯ ಸೋಗಿನ ಔಷಧಿ ಪಡೆದವರಲ್ಲೂ ಸಾವಿನ ಪ್ರಮಾಣ ಹೆಚ್ಚು ಕಡಿಮೆ ಒಂದೇ ಆಗಿತ್ತು. ಎರಡು ಗುಂಪುಗಳಲ್ಲಿಯೂ ಹೆಚ್ಚು ಸತ್ತದ್ದು ಆರೋಗ್ಯ ಕಾರ್ಯಕರ್ತೆಯ ಕೈಗೆ ಸಿಗದೆ, ಅಸಲನ್ನಾಗಲಿ ಸೋಗನ್ನಾಗಲಿ ಪಡೆಯದ ಮಕ್ಕಳು. ಕಾರ್ಯಕರ್ತೆ ತಪ್ಪದೆ ಬಂದು ಮಗುವನ್ನು ನೋಡಿಹೋಗುವುದೇ ಒಂದು ಚಿಕಿತ್ಸೆ ಎನ್ನೋಣವೇ? ಅಥವಾ ಅವಳ ಕೈಗೆ ಸಿಗದ ಮಕ್ಕಳು ಕಡುಬಡವರ ಮಕ್ಕಳೇ ಆಗಿದ್ದರೆನ್ನೋಣವೇ? ಎರಡರಲ್ಲಿಯೂ ಸತ್ಯಾಂಶವಿದ್ದೀತು. ಎರಡೂ ಚಮಚೆಯ ಆಚೆಗಿನ ಸಂಗತಿಗಳತ್ತಲೇ ಬೆರಳು ತೋರುತ್ತವೆ.

ಮಧುರೈಯ ಯಶಸ್ಸನ್ನು ಇದರಿಂದ ತಳ್ಳಿಹಾಕುವಂತಿಲ್ಲ. ಅಲ್ಲಿ ಎರಡೂ ಗುಂಪುಗಳ ಮನೆಗಳಿಗೆ ಕಾರ್ಯಕರ್ತರು ಪ್ರತಿ ವಾರವೂ ಹೋಗುತ್ತಿದ್ದುದರಿಂದ ವ್ಯತ್ಯಾಸಕ್ಕೆ ಭೇಟಿಯಷ್ಟೇ ಕಾರಣವೆನ್ನಲಾಗದು. ಆದರೆ ಅವರು ಕೊಟ್ಟ ಪ್ರಮಾಣವನ್ನು ನೋಡಿ: ವಾರಕ್ಕೆ 8,333 ಮಾನ. ಇದು ಹೆಚ್ಚು ಕಡಿಮೆ ಮಗುವಿಗೆ ಒಂದು ವಾರದ ಊಟದಲ್ಲಿ ದೊರೆಯಬೇಕಾಗಿದ್ದಷ್ಟೇ! ಊಟ ಕೊಡಬೇಕಾಗಿದ್ದುದನ್ನು ಊಟದ ಅಳತೆಯಲ್ಲಿಯೇ ಕೊಟ್ಟಾಗ ಮಕ್ಕಳು ಬದುಕಿದರು ಎಂದು ನಾನು ಅದನ್ನು ಓದುತ್ತೇನೆ. ಮುಂದೆ ಉತ್ತರ ಪ್ರದೇಶದಲ್ಲಿ ಹತ್ತು ಲಕ್ಷ ಮಕ್ಕಳಲ್ಲಿ ದೊಡ್ಡ ಪ್ರಮಾಣದ ಪ್ರಯೋಗ ನಡೆಯಿತು. 2013ರಲ್ಲಿ ಹೊರಬಂದ ಅದರ ವರದಿಯಂತೆ ಸಾವಿನಲ್ಲಿ ಕಂಡ ಇಳಿತ ಶೇಕಡಾ 4 ಮಾತ್ರ. ಅದು ಆಕಸ್ಮಿಕವೂ ಇರಬಹುದಾದಷ್ಟು ಸಣ್ಣದು. ಔಷಧಿ ಎಲ್ಲರಿಗೂ ಸರಿಯಾಗಿ ತಲುಪಿತೇ ಎಂದು ವಿಮರ್ಶಕರು ಶಂಕಿಸಿದ್ದಾರೆ. ಶಂಕೆ ನ್ಯಾಯವಾದದ್ದೇ. ಆದರೆ ನಾಳೆ ಸರ್ಕಾರಿ ಕಾರ್ಯಕ್ರಮವೂ ಅದೇ ರಸ್ತೆಗಳಲ್ಲಿಯೇ ನಡೆದು ಹೋಗಬೇಕಲ್ಲವೇ?

ಹಾಗಾದರೆ ಸೊಪ್ಪು ತಿನ್ನಿಸಿದರೆ ಸಾಕೇ? ನಮ್ಮವರು ಕೂಡಲೇ ಹೀಗೆ ಕೇಳುತ್ತಾರೆ, ಏಕೆಂದರೆ ದಂಟು, ಹರಿವೆ, ನುಗ್ಗೆ, ಬಸಳೆಗಳ ಮೇಲೆ ಕನ್ನಡಿಗರಿಗಿರುವ ಅಭಿಮಾನ ದೊಡ್ಡದು. ಇಲ್ಲಿ ವಿಜ್ಞಾನ ಒಂದಿಷ್ಟು ತಣ್ಣೀರೆರಚುತ್ತದೆ. ಸೊಪ್ಪಿನಲ್ಲಿರುವುದು ನೇರವಾದ ‘ಎ’ ಅನ್ನಾಂಗವಲ್ಲ, ದೇಹದಲ್ಲಿ ಹಾಗೆ ಮಾರ್ಪಾಡಾಗಬೇಕಾದ ಕೆರೋಟಿನ್. ಆರು ಭಾಗ ಕೆರೋಟಿನಿನಿಂದ ಒಂದು ಭಾಗ ಅನ್ನಾಂಗ ದೊರೆಯುವುದೆಂದು ಬಹುಕಾಲ ನಂಬಲಾಗಿತ್ತು. 2001ರಲ್ಲಿ ಅಮೆರಿಕದ ತಜ್ಞರು ಹನ್ನೆರಡು ಭಾಗ ಬೇಕೆಂದು ತಿದ್ದಿದರು. ಎಣ್ಣೆ ತುಪ್ಪಗಳಿಲ್ಲದ, ಹೊಟ್ಟೆಯಲ್ಲಿ ಜಂತುಹುಳುಗಳಿರುವ ಬಡ ಮಗುವಿಗೆ ಇನ್ನೂ ಹೆಚ್ಚೇ ಬೇಕಾದೀತು. ಇದಕ್ಕೆ ಮುಂಚೆಯೇ, 1995ರಲ್ಲಿ, ಇಂಡೋನೇಷ್ಯಾದ ಬಾಣಂತಿಯರಿಗೆ ದಿನವೂ ಸೊಪ್ಪು ಕೊಟ್ಟು ನೋಡಿದವರಿಗೆ ರಕ್ತದಲ್ಲಿ ನಿರೀಕ್ಷಿಸಿದ ಏರಿಕೆ ಕಾಣಲಿಲ್ಲ. ಆದ್ದರಿಂದ ನೀರಿನಲ್ಲಿ ಬೇಯಿಸಿದ ಸೊಪ್ಪನ್ನಷ್ಟೇ ಮಗುವಿನ ಮುಂದಿಟ್ಟು ಕೈತೊಳೆದುಕೊಳ್ಳುವುದು ಸಲ್ಲದು. ಸೊಪ್ಪಿನ ಹುಳಿಗೆ ಒಂದು ಚಮಚೆ ಎಣ್ಣೆಯ ಒಗ್ಗರಣೆ ಬೀಳಬೇಕು. ಮಾವು, ಪರಂಗಿ ಹಣ್ಣುಗಳಿರಬೇಕು. ಹಾಲೋ ಮೊಟ್ಟೆಯೋ ಇದ್ದರೆ ಇನ್ನೂ ಲೇಸು, ಏಕೆಂದರೆ ಇವೆರಡರಲ್ಲಿ ಅನ್ನಾಂಗ ಸಿದ್ಧರೂಪದಲ್ಲಿಯೇ ಇರುತ್ತದೆ. ಬಡವನ ಅಡುಗೆಮನೆಯಲ್ಲಿ ಇಲ್ಲದಿರುವುದು ತಿಳಿವಳಿಕೆಯಲ್ಲ, ಎಣ್ಣೆ.

ಪೋಷಣ ವಿಜ್ಞಾನದಲ್ಲಿಯೂ ಸೀರೆಯ ಅಂಚಿನಂತೆ ಕಾಲಕಾಲಕ್ಕೆ ಹೊಸ ಷೋಕಿಗಳು ಬರುತ್ತವೆ. 1950 ಮತ್ತು 60ರ ದಶಕಗಳಲ್ಲಿ ಎಲ್ಲೆಡೆಯೂ ಸಸಾರಜನಕದ ಜಪ. ಬಡದೇಶಗಳ ಮಕ್ಕಳಿಗೆ ಸಸಾರಜನಕವೇ ಸಾಲದೆಂದು ವಿಶ್ವಸಂಸ್ಥೆ ಘೋಷಿಸಿತು. ನಮ್ಮ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದವರು ಕಡಲೆಕಾಯಿ ಹಿಂಡಿಯ ಹಿಟ್ಟಿಗೆ ಕಡಲೆಬೇಳೆಯ ಹಿಟ್ಟನ್ನು ಬೆರೆಸಿ ವಿವಿಧೋದ್ದೇಶ ಆಹಾರವನ್ನು ತಯಾರಿಸಿದರು. ಅದು ಅಗ್ಗದ, ಒಳ್ಳೆಯ ಆಹಾರವೇ, ಅದನ್ನು ಹಳಿಯುವುದು ತರವಲ್ಲ. ಆದರೆ ಗೋಪಾಲನ್ ಮತ್ತು ಅವರ ಸಂಗಡಿಗರು ಹಳ್ಳಿಯ ಮಕ್ಕಳ ಊಟವನ್ನು ತೂಗಿ ನೋಡಿದಾಗ ಬೇರೆಯೇ ಸಂಗತಿ ಹೊರಬಿತ್ತು: ಆ ಮಕ್ಕಳಿಗೆ ಒಟ್ಟಾರೆ ಊಟವೇ ಸಾಲದು. ಅದೇ ಅನ್ನ ಬೇಳೆ ಹೊಟ್ಟೆ ತುಂಬ ಸಿಕ್ಕಿದರೆ ಸಸಾರಜನಕವೂ ಬಹುಪಾಲು ತಾನಾಗಿ ಸಿಗುತ್ತದೆ! 1974ರಲ್ಲಿ ಮೆಕ್‌ಲಾರೆನ್ ಎಂಬ ವಿಜ್ಞಾನಿ ಆ ಇಡೀ ಪ್ರಕರಣವನ್ನು ದೊಡ್ಡ ಫಜೀತಿಯೆಂದು ಕರೆದು ಲೇಖನವನ್ನೇ ಬರೆದರು. ಹಸಿವೆಗೆ ಹಸಿವೆಯೆನ್ನದೆ ಯಾವುದೋ ಒಂದು ಸತ್ವದ ಹೆಸರಿಡುವ ಈ ಚಾಳಿಯನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಈ ಸಂಚಿಕೆಯ ಪುಟಗಳಲ್ಲಿಯೇ ಮಕ್ಕಳ ಟಾನಿಕ್ಕಿನ ಜಾಹೀರಾತೇನಾದರೂ ಇದ್ದರೆ ಸಂಪಾದಕರು ಮನ್ನಿಸಬೇಕು.

ಹಾಗೆಂದು ಎಲ್ಲವನ್ನೂ ಊಟದಿಂದಲೇ ಸರಿಪಡಿಸಬಹುದೆಂದು ಹಟ ಹಿಡಿದರೆ ಅದೂ ಮೂಢತನವೇ. ಅಯೋಡಿನ್ ಇದಕ್ಕೆ ಸಾಕ್ಷಿ. ಹಿಮಾಲಯದ ತಪ್ಪಲಿನ ಮಣ್ಣಿನಲ್ಲಿಯೇ ಅಯೋಡಿನ್ ಇಲ್ಲವೆಂದ ಮೇಲೆ ಅಲ್ಲಿ ಬೆಳೆದ ಕಾಳಿನಲ್ಲಾಗಲಿ ಕಾಯಿಪಲ್ಲೆಯಲ್ಲಾಗಲಿ ಅದು ಬರುವುದೆಲ್ಲಿಂದ? ಡಾ. ವಿ. ರಾಮಲಿಂಗಸ್ವಾಮಿಯವರು 1956ರಿಂದ ಕಾಂಗ್ರಾ ಕಣಿವೆಯನ್ನು ವಿಭಾಗಿಸಿ, ಕೆಲವೆಡೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಒಂದೆಡೆ ಬರಿಯ ಉಪ್ಪನ್ನೂ ಹಂಚಿಸಿದರು. ಅಯೋಡಿನ್ ಉಪ್ಪು ತಿಂದ ಕಡೆಗಳಲ್ಲಿ ಕೆಲವೇ ವರ್ಷಗಳಲ್ಲಿ ಶಾಲಾ ಮಕ್ಕಳ ಗಳಗಂಡ ಇಳಿಮುಖವಾಯಿತು. 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೇ ಹುಟ್ಟಿತು. ನೆಲದಲ್ಲಿಯೇ ಇಲ್ಲದುದನ್ನು ಹೊರಗಿನಿಂದ ಬೆರೆಸಬೇಕು. ನೆಲದಲ್ಲಿ ಇದ್ದೂ ಮಗುವಿನ ತಟ್ಟೆಗೆ ಬಾರದುದನ್ನು ತಟ್ಟೆಗೆ ತರಬೇಕು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರೊಡನೆ ನನ್ನ ತಕರಾರು.

ಕಬ್ಬಿಣದ ವಿಷಯ ಇವೆರಡರ ನಡುವಿನದು. 2019ರಿಂದ 21ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 67 ಮಂದಿಗೆ ರಕ್ತಹೀನತೆ. 2016ರಿಂದ 18ರವರೆಗೆ ನಡೆದ ಮಕ್ಕಳ ಸಮಗ್ರ ಪೋಷಣ ಸಮೀಕ್ಷೆಯಲ್ಲಿ ಇದು ಶೇಕಡಾ 41. ಒಂದರಲ್ಲಿ ಬೆರಳ ತುದಿಯ ಹನಿ, ಇನ್ನೊಂದರಲ್ಲಿ ರಕ್ತನಾಳದಿಂದ ತೆಗೆದ ರಕ್ತ. ಇಷ್ಟು ಅಂತರಕ್ಕೆ ಅದೂ ಒಂದು ಮುಖ್ಯ ಕಾರಣ. ಎರಡನೆಯ ಸಮೀಕ್ಷೆಯಲ್ಲಿ ‘ಎ’ ಅನ್ನಾಂಗದ ಕೊರತೆ ಶೇಕಡಾ 18ರಷ್ಟು ಮಕ್ಕಳಲ್ಲಿ ಕಂಡಿತು. ಶೇಕಡಾ 20ನ್ನು ಮುಟ್ಟಿದರೆ ಅದನ್ನು ತೀವ್ರ ಸಾರ್ವಜನಿಕ ಸಮಸ್ಯೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಎಣಿಸುತ್ತದೆ. ನಾವೀಗ ಆ ಗೆರೆಯಿಂದ ಕೆಳಗಿಳಿದಿದ್ದೇವೆ. ಕಣ್ಣಿನಲ್ಲಿ ಗುರುತಿರುವ, ದಡಾರ ತಗಲಿದ, ಬರದಿಂದ ಬಳಲಿದ ಮಗುವಿಗೆ ಚಮಚೆ ತಪ್ಪಬಾರದು. ಉಳಿದ ಕೋಟ್ಯಂತರ ಮಕ್ಕಳ ಪಾಲಿನ ಶ್ರಮ, ಹಣಗಳನ್ನು ತಟ್ಟೆಯ ಕಡೆಗೆ ತಿರುಗಿಸುವ ಕಾಲ ಬಂದಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ತಟ್ಟೆಯ ಮಾತು ಬಂದಾಗ ಮೊಟ್ಟೆಯ ಜಗಳವನ್ನು ಬಿಡುವಂತಿಲ್ಲ. 2021ರ ಡಿಸೆಂಬರಿನಲ್ಲಿ ಕರ್ನಾಟಕ ಸರ್ಕಾರವು ಬೀದರ, ಕಲಬುರಗಿ, ರಾಯಚೂರು ಮೊದಲಾದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲಾರಂಭಿಸಿತು, ಒಲ್ಲದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ಪ್ರತಿಭಟಿಸಿದರು. ಹೈದರಾಬಾದಿನ ಕನ್ನಡಿಗರಲ್ಲಿ ಬಹಳ ಮಂದಿಗೆ ತೌರೂರುಗಳು ಇರುವುದು ಈ ಜಿಲ್ಲೆಗಳಲ್ಲಿಯೇ ಆದ್ದರಿಂದ ನಮ್ಮ ಮನೆಗಳಲ್ಲಿಯೂ ವಾದ ನಡೆಯಿತು. ನಾನು ಮೊಟ್ಟೆ ತಿನ್ನದ ಮನೆತನದವನು. ಆದರೂ ಹೇಳುತ್ತೇನೆ: ಮನೆಯಲ್ಲಿ ತಿನ್ನುವ ಮಗುವಿಗೆ ಶಾಲೆಯಲ್ಲಿ ಬೇಡವೆನ್ನುವ ಅಧಿಕಾರ ಹೊಟ್ಟೆ ತುಂಬಿದ ನಮಗೆ ಯಾರು ಕೊಟ್ಟರು?

ಇನ್ನು ನಮ್ಮ ಸಂಘದ ಮಾತು. ಹೈದರಾಬಾದಿನಲ್ಲಿ ಏಳುತ್ತಿರುವ ಬಹುಮಹಡಿ ಕಟ್ಟಡಗಳಲ್ಲಿ ಕಲ್ಲು ಮಣ್ಣು ಹೊರುವವರಲ್ಲಿ ಅದೇ ರಾಯಚೂರು, ಕಲಬುರಗಿ ಕಡೆಯ ಕನ್ನಡಿಗರಿದ್ದಾರೆ. ಅವರ ಎಳೆಯ ಮಕ್ಕಳು ಮರಳಿನ ರಾಶಿಯ ಮೇಲೆ ಬೆಳೆಯುತ್ತವೆ. ಊರಿನ ಅಂಗನವಾಡಿಯ ಪಟ್ಟಿಯಲ್ಲಿ ಹೆಸರಿದ್ದರೂ ಮಗು ಅಲ್ಲಿಲ್ಲ, ಇಲ್ಲಿಯ ಪಟ್ಟಿಯಲ್ಲಿ ಹೆಸರೇ ಇಲ್ಲ. ಪೋಷಣ ಸಂಸ್ಥೆಯ ಆ ಪ್ರಯೋಗದಲ್ಲಿ ಯಾರ ಕೈಗೂ ಸಿಗದೆ ಸತ್ತ ಮಕ್ಕಳು ಇಂಥವರೇ ಅಲ್ಲವೇ? ರಾಜ್ಯೋತ್ಸವದ ಫಲಾಹಾರಕ್ಕೆ ನಾವು ಪ್ರತಿ ವರ್ಷ ಕೂಡಿಸುವ ಹಣದಲ್ಲಿ ನಾಲ್ಕನೆಯ ಒಂದು ಪಾಲನ್ನು ತೆಗೆದಿಟ್ಟು, ಕಾರ್ಮಿಕರ ಬಿಡಾರಗಳಿಗೆ ಹೋಗಿ ಈ ಮಕ್ಕಳ ಹೆಸರುಗಳನ್ನು ಹತ್ತಿರದ ಅಂಗನವಾಡಿಯಲ್ಲಿ ಬರೆಸುವ, ತಿಂಗಳಿಗಿಷ್ಟು ಎಣ್ಣೆ, ಬೇಳೆ, ರಾಗಿಹಿಟ್ಟು ತಲುಪಿಸುವ ಕೆಲಸವನ್ನು ಮಹಿಳಾ ವಿಭಾಗಕ್ಕೆ ವಹಿಸಬೇಕೆಂದು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಸೂಚಿಸಲಿದ್ದೇನೆ. ತೆಲುಗು ಬಾರದ ಆ ತಾಯಂದಿರಿಗೂ ಅಂಗನವಾಡಿಯ ಕಾರ್ಯಕರ್ತೆಗೂ ನಡುವೆ ದುಭಾಷಿಯಾಗಿ ನಿಲ್ಲಲು ವಾರಕ್ಕೊಂದು ಗಂಟೆ ಬಿಡುವಿರುವವರು ಸಭೆಗೆ ಮುಂಚೆಯೇ ಕಾರ್ಯದರ್ಶಿಗಳಲ್ಲಿ ಹೆಸರು ಕೊಟ್ಟರೆ ಅನುಕೂಲವಾದೀತು.