ಹಳೆಯ ಕಾರಿಗೆ ಹೊಸ ವಾರಂಟಿ: ಲಾಭ ಯಾರಿಗೆ?

ಹೊಸ ಕಾರು ಕೊಳ್ಳುವಷ್ಟು ಅನುಕೂಲವಿಲ್ಲದ, ಆದರೆ ಬಸ್ಸನ್ನೇ ನಂಬಿ ಕುಳಿತರೆ ಕೆಲಸ ಸಾಗದ ಕುಟುಂಬಗಳು ನಮ್ಮ ಜಿಲ್ಲೆಯಲ್ಲಿ ಹಲವು. ಪೆರ್ಲ, ಮುಳ್ಳೇರಿಯ, ಅಡೂರುಗಳ ಕಡೆಯಿಂದ ಮಂಗಳೂರಿನ ಆಸ್ಪತ್ರೆಗೋ ಕಾಲೇಜಿಗೋ ಹೋಗಿಬರಬೇಕಾದವರು ಐದಾರು ವರ್ಷ ಓಡಿದ ಕಾರನ್ನು ಕೊಳ್ಳುವುದು ಇಂದು ಸಾಮಾನ್ಯ. ವ್ಯವಹಾರ ಕುದುರುವ ಹೊತ್ತಿಗೆ, ಅಥವಾ ಇದ್ದ ಕಾರಿನ ವಾರಂಟಿ ಮುಗಿಯುವ ಹೊತ್ತಿಗೆ, ಎದುರಿಗೆ ಬರುವ ಕಾಗದವೇ ‘ವಿಸ್ತರಿತ ವಾರಂಟಿ’. ಇಷ್ಟು ಹಣ ಕಟ್ಟಿದರೆ ಇನ್ನೊಂದೆರಡು ವರ್ಷ ನಿಶ್ಚಿಂತೆ ಎಂಬುದು ಅದರ ಭರವಸೆ. ಈ ನಿಶ್ಚಿಂತೆ ಕೊಟ್ಟ ಹಣಕ್ಕೆ ತಕ್ಕುದೇ ಎಂಬುದನ್ನು ಪರಿಶೀಲಿಸುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಮೊದಲು ಲೆಕ್ಕ ನೋಡೋಣ. ಉದಾಹರಣೆಗೆ ಒಬ್ಬರು 15,000 ರೂಪಾಯಿ ಕಟ್ಟಿದರೆನ್ನಿ. ಅದರಲ್ಲಿ ಶೇಕಡಾ 18ರ ಜಿ.ಎಸ್.ಟಿ.ಗೆ ಹೋಗುವುದು ಸುಮಾರು 2,290 ರೂಪಾಯಿ. ಉಳಿದುದರಲ್ಲಿ ಮಾರಿದವರ ಕಮಿಶನ್, ಕಂಪೆನಿಯ ಖರ್ಚು, ಲಾಭ ಎಲ್ಲವೂ ಹೊರಡಬೇಕು. ಇವೆಲ್ಲ ಕಳೆದು ಮಿಕ್ಕಿದ್ದೇ ರಿಪೇರಿಯ ಪಾಲು. ಅಂದರೆ ವಾರಂಟಿ ಕೊಂಡವರೆಲ್ಲರನ್ನೂ ಒಟ್ಟಾಗಿ ತೆಗೆದುಕೊಂಡರೆ, ಕೊಟ್ಟದ್ದಕ್ಕಿಂತ ಹಿಂದಿರುಗುವುದು ಕಡಿಮೆ. ಹಾಗಲ್ಲದಿದ್ದರೆ ಈ ವ್ಯಾಪಾರವೇ ನಡೆಯದು. ಮನೆ ಮುರಿಯುವಂಥ ನಷ್ಟಕ್ಕೆ ಇಂಥ ಏರ್ಪಾಡು ಬೇಕು, ಸರಿ. ಆದರೆ ತಾಳಿಕೊಳ್ಳಬಹುದಾದ ಖರ್ಚಿಗೂ ಅದು ಬೇಕೇ?

ಎರಡನೆಯದು, ಏನು ಸೇರಿದೆ ಎಂಬ ಪ್ರಶ್ನೆ. ಕಾರು ಹಳತಾದಂತೆ ಮೊದಲು ಕೈಕೊಡುವುದು ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಬ್ಯಾಟರಿ, ಟಯರು, ರಬ್ಬರ್ ಬುಷ್‌ಗಳು. ಸವೆಯುವ ಭಾಗಗಳೆಂಬ ಹೆಸರಿನಲ್ಲಿ ಇವುಗಳನ್ನು ಸಾಮಾನ್ಯವಾಗಿ ವಾರಂಟಿಯಿಂದ ಹೊರಗಿಡಲಾಗುತ್ತದೆ. ಕಡಲ ಗಾಳಿ, ಜೋರು ಮಳೆ ಎರಡೂ ಇರುವ ನಮ್ಮ ನಾಡಿನಲ್ಲಿ ತುಕ್ಕಿನ ಬಾಧೆ ಹೆಚ್ಚು. ಅದಕ್ಕೂ ಸಾಮಾನ್ಯವಾಗಿ ಪರಿಹಾರವಿಲ್ಲ. ಆಟಿಯ ಮಳೆಯಲ್ಲಿ ಎಂಜಿನ್ನಿಗೆ ನೀರು ನುಗ್ಗಿದರೆ ಅದು ವಾರಂಟಿಯ ವಿಷಯವೇ ಅಲ್ಲ. ವಾಹನ ವಿಮೆಯಲ್ಲಿ ಎಂಜಿನ್ ರಕ್ಷಣೆಯನ್ನು ಪ್ರತ್ಯೇಕ ಕಂತು ಕಟ್ಟಿ ಸೇರಿಸಿರಬೇಕು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬಂತೆ, ಕೆಡುವ ಭಾಗಕ್ಕೆ ವಾರಂಟಿಯಿಲ್ಲ, ವಾರಂಟಿಯಿರುವ ಭಾಗ ಬೇಗ ಕೆಡುವುದಿಲ್ಲ.

ಮೂರನೆಯದು ನಿಬಂಧನೆಗಳು. ನಿಗದಿತ ಕಾಲಕ್ಕೆ ಅಧಿಕೃತ ವರ್ಕ್‌ಶಾಪಿನಲ್ಲೇ ಸರ್ವೀಸ್ ಮಾಡಿಸಿರಬೇಕು. ಊರಿನ ಮೆಕ್ಯಾನಿಕ್ ಕೈಯಿಟ್ಟರೆ ಹಕ್ಕು ಹೋಯಿತು ಎಂಬ ಷರತ್ತು ಸಾಮಾನ್ಯ. ಈ ವಿಷಯ ಭಾರತೀಯ ಸ್ಪರ್ಧಾ ಆಯೋಗದ ಮುಂದೆಯೂ ಬಂದಿತ್ತು. ಬಿಡಿಭಾಗಗಳು ಹೊರಗಿನ ಗ್ಯಾರೇಜುಗಳಿಗೆ ಸುಲಭವಾಗಿ ಸಿಗದಂತೆ ಮಾಡಿದ್ದೂ ಸೇರಿದಂತೆ ಹಲವು ಕ್ರಮಗಳಿಗಾಗಿ 2014ರ ಆಗಸ್ಟಿನಲ್ಲಿ ಅದು 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪೆನಿಗಳು ಮೇಲ್ಮನವಿಗೆ ಹೋದವು. ಆದರೆ ವಾರಂಟಿಯ ಹೆಸರಿನಲ್ಲಿ ಗಿರಾಕಿಯನ್ನು ಕಟ್ಟಿಹಾಕುವ ಪ್ರವೃತ್ತಿಯತ್ತ ದೇಶದ ಗಮನ ಸೆಳೆದ ಪ್ರಕರಣವದು.

ಹಾಗೆಂದು ಎಲ್ಲ ವಾರಂಟಿಯೂ ವ್ಯರ್ಥವೆಂದು ನಾವು ಹೇಳುವುದಿಲ್ಲ. ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಟರ್ಬೊ, 2020ರ ಎಪ್ರಿಲಿನಿಂದ ಜಾರಿಗೆ ಬಂದ ಬಿ.ಎಸ್.-6 ಮಾನದಂಡದ ಡೀಸೆಲ್ ಎಂಜಿನ್ನು ಮುಂತಾದುವು ಕೆಟ್ಟರೆ ಖರ್ಚು ದೊಡ್ಡದು. ಇಂಥ ಕಾರು ಹೆಚ್ಚು ಹಳತಾಗದೆ, ಸರ್ವೀಸಿನ ದಾಖಲೆ ಪೂರ್ಣವಾಗಿದ್ದು, ವಾರಂಟಿಯನ್ನು ತಯಾರಕರೇ ಕೊಡುವುದಾದರೆ ಕೊಳ್ಳುವುದರಲ್ಲಿ ಅರ್ಥವಿದೆ. ಆದರೆ ಎಂಟು ಹತ್ತು ವರ್ಷದ, ಸಾದಾ ಗೇರಿನ, ಊರಿನ ಗ್ಯಾರೇಜಿನಲ್ಲೇ ರಿಪೇರಿಯಾಗುವ ಸಣ್ಣ ಪೆಟ್ರೋಲ್ ಕಾರಿಗೆ, ಯಾವುದೋ ಮೂರನೆಯ ಕಂಪೆನಿಯ ವಾರಂಟಿ ಬೇಡ. ಆ ಹಣವನ್ನು ಸಹಕಾರಿ ಬ್ಯಾಂಕಿನ ಖಾತೆಯಲ್ಲಿ ಪ್ರತ್ಯೇಕವಾಗಿಟ್ಟರೆ ಅದೇ ವಾರಂಟಿ. ಕಾರು ಕೆಡದಿದ್ದರೆ ಹಣ ನಮ್ಮಲ್ಲೇ ಉಳಿಯುತ್ತದೆ. ಕೊಳ್ಳುವ ಮುನ್ನ ನಂಬಿಕಸ್ಥ ಮೆಕ್ಯಾನಿಕ್‌ಗೆ ಕೂಲಿ ಕೊಟ್ಟು ಕಾರನ್ನು ಪರೀಕ್ಷಿಸುವುದು ಇನ್ನೂ ಜಾಣತನ.

ಕನ್ನಡಿಗರಾದ ನಮಗೆ ಇನ್ನೊಂದು ತೊಡಕಿದೆ. ಕಾಗದವಿರುವುದು ಇಂಗ್ಲಿಷಿನಲ್ಲಿ, ವಿವರಿಸುವ ಮಾತು ಹಲವೊಮ್ಮೆ ಮಲಯಾಳದಲ್ಲಿ. ಅರ್ಥವಾಗದುದಕ್ಕೆ ಸಂಕೋಚದಿಂದ ತಲೆಯಾಡಿಸಿ ಸಹಿ ಹಾಕುವವರುಂಟು. ಬಾಯಿಮಾತಿನ ಭರವಸೆ ಕೊನೆಗೆ ನಿಲ್ಲುವುದಿಲ್ಲ. ಕಾಗದವನ್ನು ಮನೆಗೆ ತಂದು, ತಿಳಿದವರಿಂದ ಓದಿಸಿ, ಏನು ಸೇರಿಲ್ಲ ಎಂಬ ಪಟ್ಟಿಯನ್ನು ಮೊದಲು ನೋಡಬೇಕು. ಕಾರು ಕೈಬದಲಾದರೆ ವಾರಂಟಿಯೂ ಹೊಸ ಮಾಲಕನ ಹೆಸರಿಗೆ ಬರುತ್ತದೆಯೇ ಎಂಬುದನ್ನೂ ಬರಹದಲ್ಲಿ ಪಡೆಯಬೇಕು.

ಈಗಾಗಲೇ ಕೊಂಡು ಮೋಸಹೋದವರು ಸುಮ್ಮನಿರಬೇಕಾಗಿಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಂಗಳೂರಿನಲ್ಲಿ ಕೊಂಡ ವಾರಂಟಿಗೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ನ್ಯಾಯ ಕೇಳಬಹುದೆಂಬುದು ಗಡಿಯವರಾದ ನಮಗೆ ಸಣ್ಣ ಅನುಕೂಲವಲ್ಲ. ಪಾವತಿಸಿದ ಮೊತ್ತ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ರಶೀದಿ, ಸರ್ವೀಸ್ ಬಿಲ್ಲು, ನಿರಾಕರಣೆಯ ಪತ್ರ ಜೋಪಾನವಾಗಿರಲಿ.

ಅಡಿಕೆ ಮಾರಿಯೋ ಕೊಲ್ಲಿಯಲ್ಲಿ ಬೆವರು ಸುರಿಸಿಯೋ ಗಳಿಸಿದ ಹಣವದು. ಭಯವನ್ನು ಮಾರುವವರ ಕೈಗೆ ಅದನ್ನು ಒಪ್ಪಿಸುವ ಮುನ್ನ ಒಂದು ದಿನ ಯೋಚಿಸುವುದರಿಂದ ನಷ್ಟವೇನೂ ಇಲ್ಲ.